ಮಾಧವರಂ ಲೈನಿನಲ್ಲಿ ಕೇಳಿದ ಉಸಿರು

1988ರಲ್ಲಿ ನಾನು ಬಳ್ಳಾರಿಯ ಒಂದು ಕಂಪ್ಯೂಟರ್ ಸಂಸ್ಥೆಯಲ್ಲಿ ಸರ್ವಿಸ್ ಇಂಜಿನಿಯರ್. ಆದೋನಿಯ ಹತ್ತಿ ವ್ಯಾಪಾರದ ಕಚೇರಿಯೊಂದಕ್ಕೆ ಮಾಧವರಂ ಬಳಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿತ್ತು. ಅಲ್ಲಿಯ ಕಂಪ್ಯೂಟರನ್ನು ಆದೋನಿಯಿಂದಲೇ ಬಳಸುವಂತೆ ಟೆಲಿಫೋನ್ ಮೂಲಕ ಡಯಲ್-ಅಪ್ ಸಂಪರ್ಕ ಕೊಡುವುದು ನನ್ನ ಕೆಲಸ. ಎರಡೂ ಕಡೆ ಮೋಡೆಮ್ ಇಟ್ಟೆ. ಕಂಪ್ಯೂಟರಿನ ಅಕ್ಷರಗಳನ್ನು ಶಬ್ದವಾಗಿಸಿ ತಂತಿಯಲ್ಲಿ ಕಳಿಸುವ ಪೆಟ್ಟಿಗೆ ಅದು. ನಾಲ್ಕು ರಿಂಗ್ ಆದಮೇಲೆ ಮಿಲ್ಲಿನ ಮೋಡೆಮ್ ತಾನೇ ಎತ್ತಿಕೊಂಡು ಶಿಳ್ಳೆ ಹಾಕಬೇಕು.

ಮಿಲ್ಲಿಗೆ ರಜೆಯಿದ್ದ ಒಂದು ಮಧ್ಯಾಹ್ನ ಆದೋನಿಯ ಕಚೇರಿಯಲ್ಲಿ ಸಂಪರ್ಕದ ಪರೀಕ್ಷೆಗೆ ಕೂತೆ. ಪಕ್ಕದಲ್ಲಿ ಮಿಲ್ಲಿನ ಮ್ಯಾನೇಜರ್ ಸುಬ್ಬಣ್ಣ. ಪರವೂರಿನ ಕರೆಗಳನ್ನು ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನ ಆಪರೇಟರ್ ವಿಜಯಮ್ಮ ಲೈನ್ ಜೋಡಿಸಿದರು. ಎರಡನೆಯ ರಿಂಗಿಗೇ ಸದ್ದು ನಿಂತಿತು. ಶಿಳ್ಳೆ ಬರಲಿಲ್ಲ.

"ಎತ್ಯಾರ್ರಿ ಸಾರ್. ಮಾತಾಡವಲ್ರು," ಎಂದು ಸ್ಪೀಕರಿನಲ್ಲಿ ವಿಜಯಮ್ಮ ಹೇಳಿದರು.

"ಯಾರ್ರಿ ಎತ್ತೋರು? ಆಫೀಸಿಗೆ ಬೀಗ ಐತಿ. ಕೀಲಿ ನನ್ನ ಕಿಸೆದಾಗ ಐತಿ," ಎಂದರು ಸುಬ್ಬಣ್ಣ.

ಮೋಡೆಮ್ಮಿನ ಸ್ಪೀಕರ್ ಜೋರು ಮಾಡಿದೆ. ಉಸಿರು ಕೇಳಿಸಿತು. ಎಳೆದು, ನಿಂತು, ಮತ್ತೆ ಎಳೆಯುವ ಉಸಿರು. ಹೊರಗೆ ಸುಡುಬಿಸಿಲು, ಬೀದಿಯಲ್ಲಿ ಹತ್ತಿಯ ಬಂಡಿಗಳು. ಆದರೂ ಮೈ ಜುಮ್ಮೆಂದಿತು.

ಸುಬ್ಬಣ್ಣ ಕುರ್ಚಿ ಹಿಂದಕ್ಕೆ ಸರಿಸಿದರು. "ಕಟ್ ಮಾಡ್ರಿ. ಇದು ಸರಿ ಇಲ್ಲ."

ನಾನು ರಿಸೀವರ್ ಎತ್ತಿ ಹೇಳಿದೆ: "ಅಲ್ಲಿ ಯಾರಾರ ಇದ್ರ ಒಮ್ಮೆ ಬಡೀರಿ."

ತುಸು ಹೊತ್ತಿನ ಮೇಲೆ, ಟಕ್.

"ಮಾತಾಡಾಕ ಆಗವಲ್ದೇನ್ರಿ? ಆಗದಿದ್ರ ಎರಡು ಸಲ ಬಡೀರಿ."

ಟಕ್. ಟಕ್.

ಮಿಲ್ಲಿನ ಸುತ್ತ ಬೇರೆ ಫೋನಿರಲಿಲ್ಲ. "ನಾ ಲೈನ್ ಹಿಡ್ಕೊಂಡಿರ್ತೀನ್ರಿ, ನೀವು ಹೊರಡ್ರಿ," ಎಂದರು ವಿಜಯಮ್ಮ. ನಾವಿಬ್ಬರೂ ಜೀಪಿನಲ್ಲಿ ಮಿಲ್ಲಿಗೆ ಧಾವಿಸಿದೆವು.

ಸುಬ್ಬಣ್ಣ ಕೀಲಿಯನ್ನು ನನ್ನ ಕೈಗಿಟ್ಟರು. ಬೀಗ ನಾನೇ ತೆಗೆದೆ. ಕತ್ತಲೆಗಟ್ಟಿದ ಕೋಣೆಯೊಳಗಿಂದ ಹೆಂಗಸಿನ ದನಿಯೊಂದು ಸಣ್ಣಗೆ ಬರುತ್ತಿತ್ತು: "ಇದ್ದೀರೇನ್ರಿ? ಬರಾಕತ್ಯಾರ್ರಿ, ತಡೀರಿ." ನೆಲದ ಮೇಲೆ ಬಿದ್ದ ರಿಸೀವರಿನಿಂದ ವಿಜಯಮ್ಮ ಇನ್ನೂ ಮಾತಾಡುತ್ತಿದ್ದರು. ಅದರ ಪಕ್ಕದಲ್ಲಿ ಮಿಲ್ಲಿನ ಹಳೆಯ ಗುಮಾಸ್ತ ವೆಂಕಟಾಚಾರ್ಯರು ಮಲಗಿದ್ದರು. ಒಂದು ಬೆರಳು ಮಾತ್ರ ನೆಲವನ್ನು ಕುಟ್ಟುತ್ತಿತ್ತು.

ಅವರ ಮನೆ ಮಿಲ್ಲಿನ ಹಿಂದೆಯೇ. ಬೆಳಿಗ್ಗೆ ತಮ್ಮ ಬಳಿಯಿದ್ದ ಕೀಲಿಯಿಂದ ಹಿಂಬಾಗಿಲು ತೆರೆದು ಒಳಬಂದು ಚಿಲಕ ಹಾಕಿಕೊಂಡವರಿಗೆ ಲಕ್ವ ಹೊಡೆದಿತ್ತು. ಮಂತ್ರಾಲಯಕ್ಕೆ ಹೋಗಿದ್ದಾರೆಂದು ತಿಳಿದು ಮನೆಯವರು ಹುಡುಕಿರಲಿಲ್ಲ. ನಮ್ಮ ಕರೆಗೆ ಫೋನ್ ರಿಂಗಾದಾಗ ಅವರು ವೈರು ಹಿಡಿದು ಅದನ್ನು ಕೆಳಕ್ಕೆಳೆದಿದ್ದರು.

ಆಚಾರ್ಯರು ಬದುಕಿದರು. ಮಾತು ಪೂರ್ತಿಯಾಗಿ ಮರಳಲಿಲ್ಲ.

ಶಿಳ್ಳೆ ಬರದಿದ್ದರೆ ಲೈನ್ ಕಡಿದು ಮತ್ತೆ ಡಯಲ್ ಮಾಡಿ ಎನ್ನುತ್ತದೆ ಕೈಪಿಡಿ. ನನ್ನ ಬಳಿ ಕೆಲಸ ಕಲಿತವರಿಗೆ ನಾನು ಹೇಳಿಕೊಟ್ಟದ್ದು ಬೇರೆ: ಕಡಿಯುವ ಮೊದಲು ಕಿವಿಗೊಟ್ಟು ಕೇಳಿ, ಆ ತುದಿಯಲ್ಲಿ ಮನುಷ್ಯರಿರಬಹುದು.