ಸೆನೆಟರ್ ರೊಟ್ಟಿ ತಿಂದ ಫೋಟೊ

ನಮ್ಮ ಮನೆಯಲ್ಲಿ ಎರಡು ಒಲೆ ಇದ್ದವು. ಮೇಲಿನದು ಸೊಸೆಯದು, ಗಾಜಿನದು. ಕೆಳಗೆ ಬೇಸ್‌ಮೆಂಟಿನಲ್ಲಿದ್ದದ್ದು ನನ್ನದು, ಗ್ಯಾಸಿನದು. ಗಾಜಿನ ಒಲೆಯ ಮೇಲೆ ಜೋಳದ ರೊಟ್ಟಿ ಬೇಯುತ್ತದೆ, ಉಬ್ಬುವುದಿಲ್ಲ. ಉಬ್ಬಬೇಕಾದರೆ ಹಂಚಿನಿಂದ ಎತ್ತಿ ಬೆಂಕಿಗೆ ಹಿಡಿಯಬೇಕು. ಉಬ್ಬದ ರೊಟ್ಟಿಯನ್ನು ನಮ್ಮ ಬಾಗಲಕೋಟೆ ಕಡೆಯವರು ಪುಕ್ಕಟೆ ಕೊಟ್ಟರೂ ತಿರುಗಿಸಿ ತಿರುಗಿಸಿ ನೋಡುತ್ತಾರೆ.

ನಾವಿರುವುದು ನ್ಯೂಜೆರ್ಸಿಯಲ್ಲಿ, ಮೆಟುಚೆನ್ ಸ್ಟೇಷನ್ನಿಗೆ ಕಾರಿನಲ್ಲಿ ಹತ್ತು ನಿಮಿಷ. ವಾರಕ್ಕೆ ನಾಲ್ಕು ದಿನ ರೊಟ್ಟಿ ಬಡಿಯುತ್ತಿದ್ದೆ. ಕಡಕ್ ರೊಟ್ಟಿ ಮಾಡಿ ಕಟ್ಟು ಕಟ್ಟಿ ಇಡುತ್ತಿದ್ದೆ. ಓದುವ ಹುಡುಗರು ದುಡ್ಡು ಕೊಟ್ಟು ಒಯ್ಯುತ್ತಿದ್ದರು. ಫ್ಲಶಿಂಗ್ ಗುಡಿಗೆ ಹೋಗುವವರು ಅಲ್ಲಿನ ಪರಿಚಯದವರಿಗೆಂದು ಒಯ್ಯುತ್ತಿದ್ದರು. ಅದರಿಂದ ನನ್ನ ಗುಳಿಗೆ, ನನ್ನ ಫೋನು ನಡೆಯುತ್ತಿತ್ತು. ಮಗನನ್ನು ಕೇಳುವ ಪ್ರಸಂಗ ಬರಲಿಲ್ಲ. ನನಗೆ ಆ ಒಲೆ ಬೇಕಾಗಿದ್ದದ್ದು ಅದಕ್ಕೆ.

ನಾವಿರುವ ಈ ಊರಿನ ಕಾಯಿದೆಯಲ್ಲಿ ಒಂದು ಮನೆಗೆ ಒಂದೇ ಅಡುಗೆಮನೆ. ಎರಡಿದ್ದರೆ ಕೆಳಗೆ ಯಾರನ್ನೋ ಬಾಡಿಗೆಗೆ ಇಟ್ಟಿದ್ದಾರೆ ಎಂದು ತಿಳಿಯುತ್ತಾರೆ. ಇದು ಆಗ ನನಗೆ ಗೊತ್ತಿರಲಿಲ್ಲ. ಮಗನಿಗೆ ಗೊತ್ತಿತ್ತು.

ಚುನಾವಣೆ ಹತ್ತಿರ ಬಂದಿದ್ದಾಗ ಟೌನ್ ಆಫೀಸಿನಿಂದ ಒಂದು ಕಾಗದ ಬಂತು. ಪಕ್ಕದ ಮನೆಯವನು ದೂರು ಕೊಟ್ಟಿದ್ದ. ಈ ಮನೆಯ ತಳದಲ್ಲಿ ಬೆಳಗಾಗುತ್ತಲೇ ಬಡಿಯುವ ಸದ್ದು ಬರುತ್ತದೆ, ಪರ್ಮಿಟ್ ಇಲ್ಲದೆ ಏನೋ ಕಟ್ಟುತ್ತಿದ್ದಾರೆ ಎಂದು. ನೋಡಲು ಇನ್‌ಸ್ಪೆಕ್ಟರ್ ಬರುತ್ತಾನೆ ಎಂದು ಬರೆದಿತ್ತು.

"ಅತ್ತೆ, ಯಾರಾದ್ರೂ ಬಂದ್ರೆ ಬಾಗ್ಲು ತೆಗೀಬೇಡಿ, ನನ್ನ ಕರೀರಿ," ಎಂದಳು ಸೊಸೆ. ಅವಳು ಬೆಂಗಳೂರಿನವಳು. ಮನೆಯಿಂದಲೇ ಕೆಲಸ, ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿ ಇರುತ್ತಾಳೆ. ಕರೆದರೆ ಕೇಳುವುದಿಲ್ಲ.

ಅದೇ ಹೊತ್ತಿಗೆ ಟಪಾಲಿನಲ್ಲಿ ದಿನಕ್ಕೊಂದು ಚುನಾವಣೆಯ ಕಾಗದ. ದಪ್ಪ, ನುಣುಪು. ನಮ್ಮ ಭಾಗದ ರಾಜ್ಯ ಸೆನೆಟರ್ ಮತ್ತೆ ನಿಂತಿದ್ದ. ಸೊಸೆ ಅವನ ಕಾಗದ ಬಂದಾಗೆಲ್ಲ ಏನಾದರೊಂದು ಅಂದು ಕಸಕ್ಕೆ ಹಾಕುತ್ತಿದ್ದಳು. ನಾನು ಎತ್ತಿಕೊಂಡು ಅದರ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಒಬ್ಬರ ಮುಖದ ಮೇಲೆ ಸಿಪ್ಪೆ ಹಾಕುವುದು ಬೇಡ ಎಂದು ಬೋರಲು ಹಾಕಿಕೊಳ್ಳುತ್ತಿದ್ದೆ. ಹೀಗಾಗಿ ಆ ಮುಖ ನನಗೆ ಗುರುತಿರಲಿಲ್ಲ.

ಶನಿವಾರ ಹನ್ನೊಂದಕ್ಕೆ ಬೆಲ್ಲಾಯಿತು. ನೀಲಿ ಕೋಟಿನ ಎತ್ತರದ ಗಂಡಸು, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಜೊತೆಗೆ ಫೋನು ಹಿಡಿದ ಒಬ್ಬ ಹುಡುಗಿ. ಇನ್‌ಸ್ಪೆಕ್ಟರ್ ಎಂದುಕೊಂಡೆ. ಶನಿವಾರವಾದರೂ ಸೊಸೆ ಯಾವುದೋ ಕಾಲ್‌ನಲ್ಲಿದ್ದಳು, ಎರಡು ಸಲ ಕರೆದೆ, ಬರಲಿಲ್ಲ. ಮುಚ್ಚಿಟ್ಟು ಸಿಕ್ಕಿಬೀಳುವುದಕ್ಕಿಂತ ತೋರಿಸಿಬಿಡುವುದು ಮೇಲು ಎನಿಸಿತು. "ಕಮ್, ಕಮ್," ಎಂದು ನೇರ ಬೇಸ್‌ಮೆಂಟಿಗೆ ಕರೆದುಕೊಂಡು ಹೋದೆ.

"ಬಡಿಯೂದು ನಾನು. ಮನಿ ಕಟ್ಟಾಕತ್ತಿಲ್ಲ, ರೊಟ್ಟಿ ಬಡ್ಯಾಕತ್ತೀನಿ. ನೋಡ್ಕೋರಿ," ಎಂದೆ ಕನ್ನಡದಲ್ಲೇ.

"ವಂಡರ್‌ಫುಲ್," ಎಂದ.

ಒಂದು ರೊಟ್ಟಿ ಬಡಿದು, ಬೇಯಿಸಿ, ಬೆಂಕಿಗೆ ಹಿಡಿದು ಉಬ್ಬಿಸಿ ತೋರಿಸಿದೆ. ಅವನು ಬಾಗಿ ನೋಡಿದ. ತಟ್ಟೆಗೆ ಹಾಕಿ, ಶೇಂಗಾ ಹಿಂಡಿ, ಮೊಸರು ಇಟ್ಟು ಕೊಟ್ಟೆ. ಹಿಟ್ಟಿನ ದೊಡ್ಡ ಡಬ್ಬಿಯ ಮೇಲೆ ಕೂತು ತಿಂದ. ಹುಡುಗಿ ಫೋಟೊ ತೆಗೆದಳು. ಟೌನಿನವರು ಸಾಕ್ಷಿಗೆ ತೆಗೆಯುತ್ತಾರೆ ಎಂದು ನಾನು ಒಲೆ ಸರಿಯಾಗಿ ಕಾಣಲಿ ಎಂದು ಪಕ್ಕಕ್ಕೆ ಸರಿದೆ.

ಅಷ್ಟರಲ್ಲಿ ಸೊಸೆ ಮೆಟ್ಟಿಲಿಳಿದು ಬಂದಳು. ಅರ್ಧಕ್ಕೆ ನಿಂತಳು.

"ಅತ್ತೆ, ಇವ್ರನ್ನ ಯಾಕೆ ಇಲ್ಲಿಗೆ ಕರ್ಕೊಂಡ್ ಬಂದ್ರಿ?"

"ನೋಟೀಸಿನಾಂವ ಅಲ್ಲೇನು?"

"ಅಲ್ಲ. ಇವ್ರು ಸೆನೆಟರ್. ವೋಟ್ ಕೇಳೋಕೆ ಬಂದಿದಾರೆ." ಇದನ್ನು ಅವನ ಕಡೆ ನಗುತ್ತಲೇ ಹೇಳಿದಳು.

"ನೀ ಬೈತೀಯಲ್ಲ, ಅಂವನಾ?"

"ಮೆಲ್ಲಗೆ, ಅತ್ತೆ."

"ಅಂವಗೇನ್ ಕನ್ನಡ ಬರ್ತೈತಿ?"

ಅವನು ಕೈ ಒರೆಸಿಕೊಂಡು ತನ್ನ ವಿಚಾರ ಹೇಳತೊಡಗಿದ. ಸೊಸೆ ಕಹಿ ಗುಳಿಗೆ ಬಾಯಲ್ಲಿಟ್ಟುಕೊಂಡವಳಂತೆ ಕನ್ನಡಕ್ಕೆ ತಿರುಗಿಸಿದಳು. ಟ್ಯಾಕ್ಸ್ ಇಳಿಸಬೇಕು. ಮನೆಯಲ್ಲಿ ಅಡುಗೆ ಮಾಡಿ ಮಾರುವವರನ್ನು, ಹೊಲಿಯುವವರನ್ನು ಲೈಸೆನ್ಸ್ ಎಂದು ಸರಕಾರ ಕಾಡಬಾರದು. ಹೊರದೇಶದಿಂದ ಬರುವವರು ಸಾಲಿನಲ್ಲಿ ಬರಬೇಕು. ಒಂದು ಸಂಸಾರಕ್ಕೆ ಒಂದು ಮನೆ ಇರುವ ಇಂಥ ಊರುಗಳ ಮೇಲೆ ರಾಜ್ಯ ಸರಕಾರ ಅಪಾರ್ಟ್‌ಮೆಂಟ್ ಹೇರಬಾರದು. ಬೇಸ್‌ಮೆಂಟಿಗೊಂದು ಅಡುಗೆಮನೆ ಆಗುವುದನ್ನು ತಡೆಯಬೇಕು. ಊರಿನ ಕಾಯಿದೆ ಊರಿನವರ ಕೈಯಲ್ಲೇ ಇರಬೇಕು.

ಇದನ್ನೆಲ್ಲ ಅವನು ನನ್ನ ಒಲೆಗೆ ಬೆನ್ನು ಕೊಟ್ಟು ಹೇಳಿದ.

"ಕೇಳವಾ ಅಂವಗ," ಎಂದೆ. "ರೊಟ್ಟಿ ಮಾರಾಕ ಲೈಸೆನ್ಸ್ ಬ್ಯಾಡ ಅಂತಾನ. ರೊಟ್ಟಿ ಬೇಯಿಸೂ ಒಲಿ ಇರಬಾರದು ಅಂತಾನ. ನಾ ಎಲ್ಲಿ ಬೇಯಿಸ್ಲಿ?"

ಸೊಸೆಯ ಮುಖ ಆ ದಿನ ಮೊದಲ ಸಲ ಅರಳಿತು. ಇದನ್ನು ಬಲು ಚೆನ್ನಾಗಿ ಇಂಗ್ಲಿಷಿನಲ್ಲಿ ಕೇಳಿದಳು.

ಅವನು ತಲೆಯಾಡಿಸಿದ, ಏನೋ ಅಂದ.

"ಗ್ರೇಟ್ ಕ್ವೆಶ್ಚನ್ ಅಂತೆ."

"ಉತ್ತರಾ?"

"ಅಷ್ಟೇ ಅತ್ತೆ."

ಹೊರಡುವಾಗ ನನ್ನ ಎರಡೂ ಕೈ ಹಿಡಿದು ವೋಟು ಕೇಳಿದ.

"ನಂದು ಗ್ರೀನ್ ಕಾರ್ಡು, ವೋಟಿಲ್ಲ. ಇಕೀದೈತಿ, ಆದ್ರ ಇಕಿ ನಿಮಗ ಹಾಕೂದಿಲ್ಲ ಅಂತ ಹೇಳು."

ಸೊಸೆ ಮೊದಲರ್ಧ ಮಾತ್ರ ಹೇಳಿದಳು. ಅಷ್ಟು ತಿಳಿಯುವ ಇಂಗ್ಲಿಷ್ ನನಗಿದೆ. ವೋಟಿಲ್ಲ ಎಂದು ಕೇಳಿದ ಮೇಲೂ ಅವನು ತಟ್ಟೆಯಲ್ಲಿ ಉಳಿದ ಚೂರನ್ನು ಬಿಡದೆ ತಿಂದ. ಅದನ್ನು ಹೇಳಬೇಕು.

ಎರಡು ವಾರಕ್ಕೆ ಹೊಸ ಕಾಗದ ಬಂತು. ಅದರಲ್ಲಿ ಅವನು ನನ್ನ ರೊಟ್ಟಿ ಕಚ್ಚುತ್ತಿದ್ದ. ನಾನು ಪಕ್ಕದಲ್ಲಿ ಅರ್ಧ ಇದ್ದೆ. ನಡುವೆ ಒಲೆ, ಗ್ಯಾಸಿನ ಪೈಪು, ಉರಿಯುವ ಬೆಂಕಿ, ಎಲ್ಲ ಸ್ವಚ್ಛ ಕಾಣುತ್ತಿತ್ತು. ಸಣ್ಣ ಅಡುಗೆಮನೆಗಳ ಪರವಾಗಿ ನಾನಿದ್ದೇನೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಸೊಸೆ ಓದಿ ಹೇಳಿ ಕುರ್ಚಿಯಲ್ಲಿ ಕೂತಳು.

"ಇದು ಎಲ್ರ ಮನೆಗೂ ಹೋಗಿರುತ್ತೆ."

"ಬಾಜೂ ಮನಿಗೂ?"

"ಎಲ್ರ ಮನೆಗೂ, ಅತ್ತೆ."

ನಿಜವಾದ ಇನ್‌ಸ್ಪೆಕ್ಟರ್ ಮರುವಾರ ಬಂದ. ಗಿಡ್ಡ, ಮರ್ಯಾದೆಯವನು, ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಇಳಿದ. ಅವನ ಮನೆಗೂ ಆ ಕಾಗದ ಹೋಗಿತ್ತು, ಮಡಚಿ ಕಿಸೆಯಲ್ಲಿ ತಂದಿದ್ದ. ಬಿಚ್ಚಿ ಫೋಟೊ ನೋಡಿದ, ಒಲೆ ನೋಡಿದ. ಇದೇನಾ ಎಂದು ಕೇಳಿದ. ಅದೇ ಎಂದೆ. ಒಲೆ, ಪೈಪು ಒಂದು ತಿಂಗಳಲ್ಲಿ ತೆಗೆಸಬೇಕು ಎಂದು ಬರೆದುಕೊಟ್ಟ. ಇವನಿಗೂ ರೊಟ್ಟಿ ಕೊಡಹೋದೆ. ಕೆಲಸದ ಮೇಲೆ ಬಂದಾಗ ತಿನ್ನುವಂತಿಲ್ಲ ಎಂದ.

ಸೊಸೆ ಹಟ ಹಿಡಿದು ಸೆನೆಟರ್ ಆಫೀಸಿಗೆ ಫೋನು ಮಾಡಿದಳು. ಸಣ್ಣ ಅಡುಗೆಮನೆಗಳಿಗೆ ಸೆನೆಟರ್ ಬೆಂಬಲ ಇದ್ದೇ ಇದೆ, ಆದರೆ ಒಲೆ ಊರಿನ ಕಾಯಿದೆಗೆ ಸೇರಿದ್ದು, ಅದರಲ್ಲಿ ಅವರು ಕೈ ಹಾಕುವುದಿಲ್ಲ ಎಂದರು. ಅವನು ನಮ್ಮ ಬೇಸ್‌ಮೆಂಟಿನಲ್ಲಿ ಹೇಳಿದ್ದೂ ಅದನ್ನೇ. ಮಾತು ತಪ್ಪಿದ ಎನ್ನಲು ಬರುವುದಿಲ್ಲ. ಚುನಾವಣೆಯಲ್ಲಿ ಗೆದ್ದ.

ಒಲೆ ಹೋಯಿತು. ಪೈಪಿಗೆ ಬಿರಡೆ ಹಾಕಿದರು. ನಾನು ಮೇಲೆ ಹೋಗಿ ಗಾಜಿನ ಒಲೆಯ ಮೇಲೆ ಕಬ್ಬಿಣದ ಹಂಚು ಇಟ್ಟೆ. ರೊಟ್ಟಿ ಸತ್ತ ಹಾಗೆ ಬಿದ್ದಿತ್ತು. ಮೂರನೆಯ ದಿನ ಗಾಜು ಬಿರುಕು ಬಿಟ್ಟಿತು. ಮಗ ದುಡ್ಡು ಕೊಟ್ಟು ಹೊಸ ಗಾಜು ಹಾಕಿಸಿದ. ಮೂರು ವಾರ ಯಾರಿಗೂ ರೊಟ್ಟಿ ಕೊಡಲಿಲ್ಲ. ಗುಳಿಗೆಯನ್ನು ಮಗ ತಂದ.

ಒಂದು ಭಾನುವಾರ ಕಿಟಕಿಯಲ್ಲಿ ನಿಂತಿದ್ದೆ. ದೂರು ಕೊಟ್ಟ ಪಕ್ಕದ ಮನೆಯವನು ತನ್ನ ಹಿತ್ತಲಲ್ಲಿ, ಚಳಿಯಲ್ಲಿ, ದೊಡ್ಡ ಗ್ರಿಲ್ಲಿನ ಮುಂದೆ ಮಾಂಸ ಸುಡುತ್ತಿದ್ದ. ಸಿಲಿಂಡರ್ ಹಚ್ಚಿದ ಒಲೆ, ಭರ್ತಿ ಬೆಂಕಿ.

"ಅಂವಗ ಪರ್ಮಿಟ್ ಐತೇನವಾ?" ಎಂದು ಸೊಸೆಯನ್ನು ಕೇಳಿದೆ.

ಅವಳು ಇನ್‌ಸ್ಪೆಕ್ಟರಿಗೇ ಫೋನು ಮಾಡಿದಳು. ಹೊರಗಿನ ಒಲೆಗೆ ಪರ್ಮಿಟ್ ಬೇಡ, ಗೋಡೆಯಿಂದ ದೂರ ಇದ್ದರೆ ಸಾಕು ಎಂದನಂತೆ. ಎಷ್ಟು ದೂರ ಎಂದೂ ಹೇಳಿದ. ಅವಳೇ ಟೇಪು ಹಿಡಿದು ಅಳೆದು, ಸಿಲಿಂಡರ್ ಹಚ್ಚುವ ಒಂದು ಒಲೆ ತಂದಿಟ್ಟಳು.

ಈಗ ಹಿತ್ತಲಲ್ಲಿ ಬಡಿಯುತ್ತೇನೆ, ಬೆಳಿಗ್ಗೆ ಎಂಟು ಗಂಟೆಯ ಮೇಲೆ. ಮುಂಚಿನದರ ಅರ್ಧದಷ್ಟೇ ರೊಟ್ಟಿ ಆಗುತ್ತದೆ. ಗಾಳಿ ಇದ್ದ ದಿನ ಬೆಂಕಿ ನಿಲ್ಲುವುದಿಲ್ಲ. ಸದ್ದು ಮೊದಲಿಗಿಂತ ಜಾಸ್ತಿ. ಪಕ್ಕದವನು ಒಂದು ದಿನ ಬೇಲಿಯ ಆಚೆಯಿಂದ ಒಂದು ರೊಟ್ಟಿ ಮುಗಿಯುವ ತನಕ ನಿಂತು ನೋಡಿದ, ಆಮೇಲೆ ಕೈ ಎತ್ತಿದ. ನಾನೂ ಹಿಟ್ಟಿನ ಕೈ ಎತ್ತಿದೆ. ದೂರು ಮತ್ತೆ ಬಂದಿಲ್ಲ.

ಸೆನೆಟರನಿಂದ ಗೆಲುವಿನ ಕಾಗದ ಬಂದಿದೆ, ನನ್ನ ಹೆಸರಿಗೇ. ದಪ್ಪನೆಯದು. ಗಾಳಿಗೆ ಅಡ್ಡ ಹಿಡಿಯಲು ಬರುತ್ತದೆ. ಹಿಮ ಬಿದ್ದರೆ ಮಗನ ಹಳೆಯ ಜಾಕೆಟ್ಟಿದೆ. ತೋಳು ಉದ್ದ, ಹಿಟ್ಟು ಹತ್ತುತ್ತದೆ. ಮಡಚಿಕೊಳ್ಳುತ್ತೇನೆ.