ಬೇಲಿಯಾಚೆಯ ನಾಲಿಗೆ

ಬಾಂಗ್ ಕೂಗುವ ಮೊದಲು ಡಾಬೊ ಬೆಂದಿರಬೇಕು. ಉಪವಾಸದ ಈ ದಿನಗಳಲ್ಲಿ ಶಿತಾಯೆಯ ಬೆಳಗಿಗೆ ಇದೊಂದೇ ಗಡುವು. ಹಿತ್ತಿಲ ಅಡುಗೆಮನೆಯಲ್ಲಿ ಇದ್ದಿಲ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ದಪ್ಪ ತಳದ ಪಾತ್ರೆಯ ಮುಚ್ಚಳದ ಮೇಲೆ ಹರಡಿದ ಕೆಂಡವನ್ನು ಅವಳು ಚಿಮಟದಿಂದ ಸರಿಸುತ್ತಿದ್ದಾಳೆ. ಕೆಳಗೂ ಕೆಂಡ, ಮೇಲೂ ಕೆಂಡ, ನಡುವೆ ಬಾಳೆಹಣ್ಣಿನ ಡಾಬೊ, ಕೇಕಿನಂಥ ದಪ್ಪ ಬ್ರೆಡ್ಡು. ಇದ್ದಿಲು ನೆಂದಿದೆ; ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಟೋಸ್ಸಾ ಬೆಟ್ಟದಿಂದ ಇಳಿದ ಗಾಳಿ ದೆಸ್ಸಿ ಊರಿನ ಸಂದುಗೊಂದುಗಳನ್ನೆಲ್ಲ ಕೊರೆಯುತ್ತಿದ್ದರೂ ಅವಳ ಹಣೆಯಲ್ಲಿ ಬೆವರು.

ಬೇಲಿಯಾಚೆ ಪಾತ್ರೆಗಳ ಸದ್ದು. ಅಲ್ಲಿ ರಮದಾನಿನ ಬೆಳಗಿನ ಊಟ ಮುಗಿಯುತ್ತಿದೆ. ಯಾರೋ ಕೊನೆಯ ಲೋಟ ನೀರು ಕೇಳುತ್ತಿದ್ದಾರೆ. ಶಿತಾಯೆ ಮುಚ್ಚಳ ಎತ್ತಿ ಕಡ್ಡಿ ಚುಚ್ಚುತ್ತಾಳೆ. ಕಡ್ಡಿಗೆ ಹಸಿ ಹಿಟ್ಟು ಅಂಟಿಕೊಂಡು ಬರುತ್ತದೆ. ಅಷ್ಟರಲ್ಲಿ ಮಸೀದಿಯ ಮೈಕು ಕೆಮ್ಮಿ, ಬಾಂಗ್ ಶುರುವಾಗುತ್ತದೆ.

"ಹೋಯ್ತು," ಎಂದು ಅವಳು ನೆಲಕ್ಕೆ ಕೂರುತ್ತಾಳೆ. "ಇವತ್ತಿನ ನಾಲಿಗೆ ಹೋಯ್ತು."

ನಾಲಿಗೆ ಎಂದರೆ ಬೇಲಿಯಾಚೆಯ ಮೊಮಿನಾ. (ಅವಳ ಹೆಸರನ್ನು ಇಲ್ಲಿ ಬದಲಾಯಿಸಲಾಗಿದೆ, ಯಾಕೆಂಬುದು ಮುಂದೆ ಗೊತ್ತಾಗುತ್ತದೆ.) ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದಲ್ಲಿ ಶಿತಾಯೆಯ ಬೀದಿಯ ಕ್ರೈಸ್ತರು ಇಳಿಹೊತ್ತಿನವರೆಗೆ ನೀರು ಕೂಡ ಮುಟ್ಟುವುದಿಲ್ಲ. ಆಮೇಲೆ ತಿನ್ನುವ ಒಂದೇ ಊಟದಲ್ಲೂ ಮೊಟ್ಟೆ, ಹಾಲು, ಬೆಣ್ಣೆ ಸೋಕುವಂತಿಲ್ಲ. ಅವರಿಗಾಗಿ ಡಾಬೊ ಬೇಯಿಸುವವಳಿಗೂ ಅದೇ ಉಪವಾಸ. ಮುಂಜಾನೆ ಕಲಸಿದ ಹಿಟ್ಟನ್ನು ಅವಳು ನೆಕ್ಕಿ ನೋಡುವಂತಿಲ್ಲ. ಬಾಯಿ ತೆರೆಯುವ ಹೊತ್ತಿಗೆ ಡಾಬೊ ಇನ್ನೊಬ್ಬರ ಮನೆ ಸೇರಿರುತ್ತದೆ.

"ನಾನು ಮಾಡಿದ್ದು ಹೇಗಿದೆ ಅಂತ ನನಗೇ ಗೊತ್ತಿರಲ್ಲ ನೋಡಿ," ಎನ್ನುತ್ತಾಳೆ ಶಿತಾಯೆ. "ಕಣ್ಣು ಕಟ್ಕೊಂಡು ಕಸೂತಿ ಹಾಕಿದ ಹಾಗೆ. ಒಂದ್ಸಲ ನಮ್ಮ ಗುರುಗಳನ್ನ ಕೇಳಿದ್ದೆ, ಅಪ್ಪಾ, ತುದಿನಾಲಿಗೆಗೆ ಹಚ್ಚಿ ಉಗುಳಿಬಿಡ್ಲಾ ಅಂತ. ಹಚ್ಚೋದು ಸುಲಭ ಮಗಳೇ, ಉಗುಳೋಷ್ಟು ಗಟ್ಟಿಗಿತ್ತಿಯೇನೇ ನೀನು ಅಂದ್ರು. ಅಲ್ಲಿಗೆ ಮುಗೀತು."

ಮನೆಯಲ್ಲಿ ಉಪವಾಸದಿಂದ ಬಿಡುಗಡೆಯಿರುವಷ್ಟು ಸಣ್ಣ ಕೂಸಿಲ್ಲ. ಹೆಣ್ಣುಮಕ್ಕಳಿಬ್ಬರೂ ಬೆಳೆದಿದ್ದಾರೆ. ಲಾರಿ ಓಡಿಸುವ ಗಂಡ ತಿಂಗಳಲ್ಲಿ ಹೆಚ್ಚು ದಿನ ಜಿಬೂತಿಯ ರಸ್ತೆಯಲ್ಲೇ. ಹಾಗಾಗಿ ಇಷ್ಟು ವರ್ಷ ಮೊಮಿನಾಳೇ ಬೇಲಿಯ ಕೋಬ ಗಿಡಗಳ ನಡುವೆ ಕೈಚಾಚಿ ಬಿಸಿ ತುಂಡು ಇಸಿದುಕೊಂಡು, ತಿಂದು, ಸರಿಯಿದೆ, ಸಕ್ಕರೆ ಸಾಲದು, ತಳ ಹತ್ತಿದೆ ಎಂದು ತೀರ್ಪು ಕೊಡುತ್ತಿದ್ದಳು. ಈ ವರ್ಷ ಎರಡು ಉಪವಾಸಗಳೂ ಒಟ್ಟಿಗೇ ಬಂದಿವೆ. ಅದಕ್ಕೇ ಶಿತಾಯೆ ತನ್ನ ನಿದ್ದೆಯನ್ನು ಮೊಟಕು ಮಾಡಿ, ಬಾಂಗಿಗೆ ಮೊದಲೇ ಒಂದು ತುಂಡು ಬೇಲಿ ದಾಟುವಂತೆ ನೋಡಿಕೊಳ್ಳುತ್ತಿದ್ದಾಳೆ.

ಬೇರೆ ದಿನವಾಗಿದ್ದರೆ ಕೈಗುಣವನ್ನು ನಂಬಿ ಸುಮ್ಮನಿರುತ್ತಿದ್ದಳು. ಮೊದಲು ಅವಳು ಪೇಟೆಯ ಕೇಕಿನ ಅಂಗಡಿಯೊಂದರಲ್ಲಿ ತಟ್ಟೆ ತೊಳೆಯುತ್ತಿದ್ದಳು, ಆಮೇಲೆ ಹಿಟ್ಟು ಕಲಸುವುದಕ್ಕೂ ನಿಂತಳು. ಯುದ್ಧ ಊರೊಳಗೆ ಬಂದುಹೋದ ವರ್ಷ ಅಂಗಡಿಯ ಒಲೆಯಿಂದ ಹಿಡಿದು ಬಾಗಿಲ ಚಿಲಕದವರೆಗೆ ಎಲ್ಲ ಹೋಯಿತು. ಅಂಗಡಿ ಮತ್ತೆ ತೆರೆಯಲಿಲ್ಲ. ಮನೆಯಲ್ಲಿದ್ದ ಪಾತ್ರೆಯಲ್ಲೇ ಶಿತಾಯೆ ಶುರುಮಾಡಿದಳು. ಮೊಟ್ಟೆಯಿಲ್ಲದೆ ಮಾಡಿದ ಮೊದಲ ಡಾಬೊ ನೋಡಿ ಗಂಡ, "ಲಾರಿ ಚಕ್ರಕ್ಕೆ ಅಡ್ಡ ಇಡೋಕೆ ಆಯ್ತು ಬಿಡು," ಅಂದಿದ್ದನಂತೆ.

ಮೊಟ್ಟೆಯ ಕೆಲಸವನ್ನು ಹಣ್ಣಿನಿಂದ ಮಾಡಿಸಬಹುದು ಎಂದು ಕಂಡುಕೊಂಡದ್ದು ಅದಾದ ಮೇಲೆ. ಸಿಪ್ಪೆ ಕಪ್ಪಾಗಿ, ಮಾರುವವರು ಕೆಳಗೆ ತಳ್ಳಿದ ಹಣ್ಣೇ ಬೇಕು. ಅದನ್ನು ಕೈಯಲ್ಲೇ ಹಿಸುಕಿ, ಎಣ್ಣೆ, ಸಕ್ಕರೆ ಬೆರೆಸಿ, ಲಿಂಬೆರಸಕ್ಕೆ ಅಡುಗೆ ಸೋಡಾ ಹಾಕಿ ಬುಸ್ಸೆಂದು ಉಕ್ಕುವಾಗಲೇ ಸುರಿದು, ಹಿಟ್ಟು ಹಾಕಿ ನಾಲ್ಕು ಸುತ್ತು ತಿರುಗಿಸಿದರೆ ಆಯಿತು. ಹುಳಿಬರಿಸುವ ಡಾಬೊ ಕಾಯುತ್ತದೆ, ಇದು ಕಾಯುವುದಿಲ್ಲ. ಉಕ್ಕು ಇಳಿಯುವ ಮೊದಲು ಪಾತ್ರೆ ಕೆಂಡದ ಮೇಲಿರಬೇಕು. ಪಾತ್ರೆಯೂ ಉಪವಾಸದ್ದೇ, ಬೆಣ್ಣೆಯ ವಾಸನೆ ಕಾಣದ್ದು. ಅದರೊಳಗೆ ಎಣ್ಣೆ ಸವರುವ ಬದಲು ಕೋಬದ ಎಲೆ ಹಾಸುತ್ತಾಳೆ. ಬಾಳೆಯ ದಾಯಾದಿಯಂಥ ಈ ಗಿಡ ಹಣ್ಣು ಬಿಡುವುದಿಲ್ಲ. ಎಲೆಗಾಗಿಯೇ ಬೇಲಿಯುದ್ದಕ್ಕೂ ಬೆಳೆಸಿದ್ದಾರೆ.

ಇವತ್ತಿನ ಎರಡು ಪಾತ್ರೆ ಡಾಬೊ ಹೋಗಬೇಕಾದ್ದು ಎಮಾಮಾ ಬಿರ್ಕೆಯ ಮನೆಗೆ. ಬಿರ್ಕೆ ಈ ಬೀದಿಗೆಲ್ಲ ಅಜ್ಜಿ, ಅದಕ್ಕೇ ಎಮಾಮಾ. ದೇವಮಾತೆ ಮಾರ್ಯಂ ಹೆಸರಿನಲ್ಲಿ ತಿಂಗಳಿಗೊಮ್ಮೆ ಸೇರುವ ಹೆಂಗಸರ ಕೂಟ ಈ ಸಲ ಅವಳ ಅಂಗಳದಲ್ಲಿ. ಕೂಟದಲ್ಲಿ ಹೆಚ್ಚಿನವರಿಗೆ ಹಲ್ಲಿಲ್ಲ. ಕಾಫಿಯ ಜೊತೆ ಹುರಿದ ಬಾರ್ಲಿ ಅಗಿಯಲಾರದವರಿಗೆ ಶಿತಾಯೆಯ ಮೆತ್ತನೆಯ ಡಾಬೊ ಬೇಕು.

ಆದರೆ ಹೋದ ಬುಧವಾರ ಇದೇ ಬಿರ್ಕೆಯ ಮನೆಗೆ ಹೋದ ಡಾಬೊ ಕಹಿಯಾಗಿತ್ತು. ಸೋಡಾದ ಗಂಟು ಒಡೆದಿರಲಿಲ್ಲ. ಡಾಬೊದ ಒಂದೇ ಬದಿಯಲ್ಲಿದ್ದ ಕಹಿ ಮೊಮಿನಾಳ ಬಾಯಿಗೆ ಸಿಕ್ಕಿರಲಿಲ್ಲ, ಅಜ್ಜಿಯ ಬಾಯಿಗೆ ಸಿಕ್ಕಿತು. ಬಿರ್ಕೆ ಬೈಯಲಿಲ್ಲ. ಕಚ್ಚಿದ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಹಿಂದಕ್ಕೆ ಕಳಿಸಿದಳು, ಅಷ್ಟೇ. ಆ ಬಟ್ಟೆಯನ್ನು ಶಿತಾಯೆ ಇನ್ನೂ ಒಗೆದಿಲ್ಲ.

"ಬೈದಿದ್ರೆ ನಿದ್ದೆ ಬರ್ತಿತ್ತು," ಎನ್ನುತ್ತಾಳೆ. "ದಿನವಿಡೀ ಬಾಯಿ ಕಟ್ಟಿ ಕೂತಿರ್ತಾರೆ. ಮೊದಲ ತುತ್ತು ನಂದು. ಅದೇ ಕಹಿಯಾದ್ರೆ? ಆ ಮುದುಕಿ ದೇವರಿಗೆ ಏನಂತ ಹೇಳ್ಕೊಂಡಿರ್ತಾಳೆ?"

ಈಗ ಬಾಂಗ್ ಮುಗಿದಿದೆ. ಡಾಬೊ ಬೆಂದಿದೆ. ಅವಳ ಹೆದರಿಕೆ ಮಾತ್ರ ಬೇಯುತ್ತಲೇ ಇದೆ. ಲಿಂಬೆರಸಕ್ಕೆ ಸೋಡಾ ಹಾಕುವ ಹೊತ್ತಿಗೇ ಕರೆಂಟು ಹೋಗಿತ್ತು. ತಡಕಾಡಿ ಮೊಬೈಲು ಹುಡುಕಿ ಬೆಳಕು ಮಾಡಿದಾಗ ಸೋಡಾ ಡಬ್ಬಿ ತೆರೆದೇ ಇತ್ತು. ಹಾಕಿದ್ದೆನೋ, ಹಾಕಬೇಕಿತ್ತೋ? ಉಕ್ಕಿದ ಸದ್ದು ಕೇಳಿದ ನೆನಪಿರಲಿಲ್ಲ. ಒಂದು ಚಮಚ ಹಾಕಿದಳು. ಕಲಸಿ, ಪಾತ್ರೆಗಳನ್ನು ಕೆಂಡಕ್ಕಿಟ್ಟು, ಲಿಂಬೆಯ ಬಟ್ಟಲು ತೊಳೆಯಲು ಹೋದಾಗ ಅದರ ಅಂಚಿನಲ್ಲಿ ನೊರೆಯ ಗೆರೆಗಳು ಕಂಡವು, ಒಂದರ ಮೇಲೊಂದು. ಎರಡು ಸಲ ಉಕ್ಕಿದ್ದಕ್ಕೋ, ಅಲ್ಲಾಡಿದ್ದಕ್ಕೋ?

ಡಾಬೊವನ್ನು ಮೂಸುತ್ತಾಳೆ. ಹಣ್ಣಿನ ಘಮ ಬಿಟ್ಟು ಇನ್ನೇನೂ ಇಲ್ಲ. ಮೇಲ್ಮೈ ಕೊಂಚ ಜಾಸ್ತಿ ಕೆಂಪಾಗಿದೆಯೇ? ಸೋಡಾ ಹೆಚ್ಚಾದರೆ ಹಾಗಾಗುತ್ತದೆ, ಕೆಂಡ ಹೆಚ್ಚಾದರೂ ಹಾಗಾಗುತ್ತದೆ. ಅಂಚಿನಿಂದ ಒಂದು ಚೂರು ಮುರಿಯುತ್ತಾಳೆ. ಅಡುಗೆಮನೆಯಲ್ಲಿ ಅವಳೊಬ್ಬಳೇ, ಕೇಳುವವರಿಲ್ಲ. ಚೂರು ಬೆರಳ ತುದಿಯಲ್ಲಿ ತಣ್ಣಗಾಗುತ್ತದೆ. ಈಗಲೇ ಗೊತ್ತಾದರೆ ಮತ್ತೆ ಮಾಡಲು ಹೊತ್ತಿದೆ. ಸಂಜೆ ಗೊತ್ತಾದರೆ ಏನೂ ಇಲ್ಲ.

"ತಿಂತೀಯೋ, ಬರೀ ನೋಡ್ತೀಯೋ?"

ಕೋಬದ ಎಲೆ ಸರಿಸಿ ಮೊಮಿನಾ ಒಳಗೆ ಬಂದಿದ್ದಾಳೆ. ತಲೆಯ ಮೇಲಿನ ವಸ್ತ್ರ ಗಲ್ಲದವರೆಗೆ ಬಿಗಿದಿದೆ. ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ಶಿತಾಯೆ ಅವಳನ್ನು ಎತ್ಯೆ ಎನ್ನುತ್ತಾಳೆ, ಅಕ್ಕ ಎಂದ ಹಾಗೆ.

"ತಡ ಆಗೋಯ್ತು ಎತ್ಯೆ. ಸೋಡಾ ಎರಡು ಸಲ ಹಾಕಿದೀನೋ ಏನೋ. ನಿಂಗೂ ಹೊತ್ತು ಮೀರ್ತು."

"ಕೊಡಿಲ್ಲಿ."

"ಬಾಂಗ್ ಆಯ್ತಲ್ಲ!"

"ನಂಗೆ ಕಿವಿ ಇದೆ ಕಣೇ. ಇವತ್ತು ನಂಗೆ ರಜಾ. ಮೇಲಿನವನೇ ಕೊಟ್ಟಿದಾನೆ, ತಿಂಗಳ ರಜಾ." ಮೊಮಿನಾ ಹಿಂದಿರುಗಿ ಬೇಲಿಯತ್ತ ನೋಡಿ ದನಿ ತಗ್ಗಿಸುತ್ತಾಳೆ. "ಬಾಗಿಲು ಮುಂದೆ ಮಾಡು. ನನ್ನ ಮೈದುನ ಎದ್ದಿದಾನೆ."

ಮುಟ್ಟಿನ ದಿನಗಳಲ್ಲಿ ಅವಳ ಧರ್ಮ ಅವಳಿಗೆ ಉಪವಾಸ ಬೇಡವೆನ್ನುತ್ತದೆ, ಆಮೇಲೆ ತೀರಿಸು ಎನ್ನುತ್ತದೆ. ಆದರೆ ಮನೆ ತುಂಬ ಗಂಡಸರಿರುವಾಗ ಹಗಲಲ್ಲಿ ತಟ್ಟೆ ಹಿಡಿದು ಕೂರುವುದು ಹೇಗೆ? "ಎಲ್ಲರ ಜೊತೆ ಏಳ್ತೀನಿ, ಎಲ್ಲರ ಜೊತೆ ಬಾಯಿ ತೊಳೀತೀನಿ. ಬಾಯಾರಿದ್ರೆ ಬಚ್ಚಲ ಬಾಗಿಲ ಹಿಂದೆ ಒಂದು ಗುಟುಕು. ಮದುವೆಯಾದಾಗಿಂದ ಇದೇ ನಾಟಕ," ಎಂದು ಅವಳು ನಗುತ್ತಾಳೆ. ಹೆಸರು ಬದಲಾಯಿಸಿದ್ದು ಇದಕ್ಕೇ.

ಮೊಮಿನಾ ತುಂಡನ್ನು ಬಾಯಿಗಿಟ್ಟು ಕಣ್ಣು ಮುಚ್ಚುತ್ತಾಳೆ. ಅಗಿಯುತ್ತಾಳೆ. ಶಿತಾಯೆಯ ಕೈ ಏಪ್ರನ್ನಿನ ಅಂಚನ್ನು ಹಗ್ಗದಂತೆ ಹೊಸೆಯುತ್ತದೆ.

"ಹೇಗಿದೆ?"

"ಸುಮ್ನಿರು. ಉಪ್ಪು ಸಕ್ಕರೆ ನಾಲಿಗೆ ಹೇಳುತ್ತೆ. ಸೋಡಾ ಗಂಟಲೇ ಹೇಳ್ಬೇಕು." ನುಂಗುತ್ತಾಳೆ, ಕಾಯುತ್ತಾಳೆ. ಆಮೇಲೆ ಅವಳ ಮುಖ ಹಿಂಡಿದ ಲಿಂಬೆಯ ಹಾಗಾಗುತ್ತದೆ. "ಸೋಪು. ವಲ್ಲಾಹಿ, ಬಟ್ಟೆ ಒಗೀಬಹುದು ಇದ್ರಲ್ಲಿ."

ಶಿತಾಯೆಯ ಕಣ್ಣು ತುಂಬುತ್ತದೆ. "ಹಣ್ಣೂ ಮುಗಿದಿದೆ ಎತ್ಯೆ. ಸಂತೆಯಲ್ಲಿ ಕಳಿತ ಹಣ್ಣು ಸಿಗೋದು ಮಧ್ಯಾಹ್ನದ ಮೇಲೆ."

"ಅಳು. ಕಣ್ಣೀರಲ್ಲಿ ಹಿಟ್ಟು ಕಲಸು, ಉಪ್ಪಾದ್ರೂ ಉಳಿಯುತ್ತೆ." ಮೊಮಿನಾ ಎಲೆ ಸರಿಸಿ ಹೋಗುತ್ತಾಳೆ, ತಲೆವಸ್ತ್ರದ ಕೆಳಗೆ ಒಂದು ಚಿಪ್ಪು ಬಾಳೆಹಣ್ಣು ಅವುಚಿಕೊಂಡು ಬರುತ್ತಾಳೆ. ಸಂಜೆ ತನ್ನ ಮನೆಯವರು ಉಪವಾಸ ಬಿಡಲು ತೂಗುಹಾಕಿದ್ದ ಹಣ್ಣು. "ಗಂಡಸರಿಗೆ ಖರ್ಜೂರ ಸಾಕು. ನಡೀ, ಹಿಸುಕು."

ಈ ಸಲ ಸೋಡಾ ಹಾಕುವಾಗ ಮೊಮಿನಾ ಜೋರಾಗಿ "ಹಾಕಿದೆ" ಎನ್ನುತ್ತಾಳೆ, ಚಮಚವನ್ನು ಡಬ್ಬಿಯ ಮುಚ್ಚಳದ ಮೇಲೆ ಬೋರಲು ಹಾಕುತ್ತಾಳೆ. "ಬೋರಲಿದ್ರೆ ಹಾಕಿದ್ದು. ಕರೆಂಟು ಹೋದ್ರೂ ಕೈಗೆ ಸಿಗುತ್ತೆ." ಸಂದಿನಲ್ಲಿ ಬಿಸಿಲು ಬೀಳುವ ಹೊತ್ತಿಗೆ ಹೊಸ ಡಾಬೊ ಮೇಲೇಳುತ್ತದೆ. ಎರಡನೆಯ ತುಂಡನ್ನು ನುಂಗಿ, ಗಂಟಲು ಹೇಳುವವರೆಗೆ ಕಾದು, ಮೊಮಿನಾ ಇನ್ನೊಂದು ತುಂಡಿಗೆ ಕೈಚಾಚುತ್ತಾಳೆ. ಆ ಬೆಳಗಿನ ಮೊದಲ ಉಸಿರನ್ನು ಶಿತಾಯೆ ಆಗ ಬಿಡುತ್ತಾಳೆ. ಕಹಿಯ ಡಾಬೊ ಕೋಳಿಗಳ ಪಾಲಾಗುತ್ತದೆ. ಅವೂ ಕೊಕ್ಕು ಒರೆಸಿಕೊಂಡು ಹೋಗುತ್ತವೆ.

ಮೊಮಿನಾ ಬೇಲಿ ದಾಟಿ ಹೋದ ಮೇಲೆ, ಡಾಬೊಗೆ ಬಟ್ಟೆ ಸುತ್ತುತ್ತಿರುವಾಗ, ಶಿತಾಯೆಯ ಕೈ ನಿಲ್ಲುತ್ತದೆ. ಹೋದ ಮಳೆಗಾಲದಲ್ಲಿ ಬಟ್ಟೆ ಒಣಹಾಕುತ್ತ ಮೊಮಿನಾ ಹೇಳಿದ್ದ ಮಾತು ನೆನಪಾಗಿದೆ. "ನನ್ನ ರಜಾ ಎಲ್ಲ ಮುಗಿದುವು ಕಣೇ. ಇನ್ಮೇಲೆ ಮುದುಕಿ ನಾನು."

ನಿಂತದ್ದು ಮತ್ತೆ ಬರುವುದುಂಟು, ಹೆಂಗಸರಿಗೆ ಗೊತ್ತಿಲ್ಲದ್ದೇನಲ್ಲ. ಬಂದಿರಬಹುದು. ಬಂದಿರದಿದ್ದರೆ? ಒಂದು ತುಂಡು ಡಾಬೊಗಾಗಿ, ತನಗಾಗಿ, ಅವಳು ತನ್ನ ದೇವರೆದುರು ಏನು ಮಾಡಿದಂತಾಯಿತು? ಬಜಾಜ್ ಆಟೋದಲ್ಲಿ ಡಾಬೊವನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವಾಗಲೂ ಅದೇ ಯೋಚನೆ.

ಬಿರ್ಕೆಯ ಅಂಗಳದಲ್ಲಿ ಹಸಿ ಹುಲ್ಲು ಹಾಸಿದೆ, ಕಾಫಿ ಹುರಿಯುವ ಹೊಗೆ ಎದ್ದಿದೆ. ಉಪವಾಸ ಬಿಡುವ ಹೊತ್ತು. ಶಿತಾಯೆ ಬಾಗಿಲ ಬಳಿಯೇ ನಿಲ್ಲುತ್ತಾಳೆ. ಪ್ರಾರ್ಥನೆ ಮುಗಿದು, ಬಿರ್ಕೆ ಡಾಬೊದ ಚೂರನ್ನು ವಸಡಿಗೆ ಒತ್ತಿ ಕರಗಿಸುತ್ತಾಳೆ. ನುಂಗುತ್ತಾಳೆ. ಕೂಟವೆಲ್ಲ ಅವಳ ಬಾಯಿಯನ್ನೇ ನೋಡುತ್ತಿದೆ.

"ಯಾರೇ ಮಾಡಿದ್ದು ಇದನ್ನ?" ಎನ್ನುತ್ತಾಳೆ ಅಜ್ಜಿ. "ಹೋದ್ಸಲದವಳು ಅಲ್ಲ ತಾನೇ?"

"ಅವಳೇ, ಎಮಾಮಾ," ಎನ್ನುತ್ತಾಳೆ ಶಿತಾಯೆ.

"ಹಾಗಾದ್ರೆ ಬಾಗಿಲಲ್ಲಿ ಯಾಕೆ ಕಳ್ಳಿ ಹಾಗೆ ನಿಂತಿದೀಯ? ಬಾ, ಕೂತ್ಕೋ. ನನ್ನ ಬಟ್ಟೆ ಎಲ್ಲಿ?"

ಎಲ್ಲರೂ ನಗುತ್ತಾರೆ. ಬಿರ್ಕೆ ತನ್ನ ಕೈಯಾರೆ ಒಂದು ತುಂಡನ್ನು ಶಿತಾಯೆಯ ಬಾಯಿಗೆ ಇಡುತ್ತಾಳೆ. ತಾನು ಬೇಯಿಸಿದ ಉಪವಾಸದ ಡಾಬೊವನ್ನು ಶಿತಾಯೆ ಈ ಋತುವಿನಲ್ಲಿ ತಿಂದದ್ದು ಇದೇ ಮೊದಲು. ತಣ್ಣಗಾಗಿದೆ. ಕೆಂಡದಿಂದ ಇಳಿಸಿದ ಕೂಡಲೇ ಒಮ್ಮೆ, ಬಿಸಿಬಿಸಿಯಾಗಿ ತಿನ್ನಬೇಕೆಂಬುದು ಅವಳಿಗಿರುವ ಒಂದೇ ಆಸೆಯಂತೆ. "ಈಸ್ಟರ್ ಬಂದ್ಮೇಲೆ ತಿನ್ನಬಹುದಲ್ಲ ಅಂತೀರಿ. ಆಗ ಮನೆ ತುಂಬ ಕೋಳಿ ಸಾರು, ಮೊಟ್ಟೆ. ಬಾಳೆಹಣ್ಣಿನ ಡಾಬೊ ಯಾರಿಗೆ ಬೇಕು? ನಂಗೇ ಬೇಡ!"

ಕತ್ತಲಾಗಿ, ಬೇಲಿಯಾಚೆ ಉಪವಾಸ ಬಿಟ್ಟ ಮೇಲೆ, ಮೊಮಿನಾ ಖಾಲಿ ಕಾಫಿ ಬಟ್ಟಲು ತಿರುಗಿಸುತ್ತ ಕೋಬದ ಬಳಿ ಬರುತ್ತಾಳೆ. ಎಲೆಗಳ ನಡುವೆ ಅವಳ ಅರ್ಧ ಮುಖ ಮಾತ್ರ ಕಾಣುತ್ತದೆ.

"ಅಜ್ಜಿ ಏನಂದ್ಳು?"

"ಬಾಯಿಗೆ ಹಾಕಿ ತಿನ್ನಿಸಿದ್ಳು." ಶಿತಾಯೆ ತಡೆದು, ಕೊನೆಗೆ ಕೇಳಿಯೇಬಿಡುತ್ತಾಳೆ. "ಎತ್ಯೆ, ಇವತ್ತು ನಿಂಗೆ ನಿಜವಾಗ್ಲೂ ರಜಾ ಇತ್ತಾ?"

ಎಲೆ ಅಲ್ಲಾಡುತ್ತದೆ. ಆಚೆಯಿಂದ ಮೈದುನ ಯಾರನ್ನೋ ಕೂಗುತ್ತಿದ್ದಾನೆ.

"ಅದು ನನಗೂ ಮೇಲಿನವನಿಗೂ ಬಿಟ್ಟದ್ದು," ಎನ್ನುತ್ತಾಳೆ ಮೊಮಿನಾ. "ನೀನು ಚಮಚ ಬೋರಲು ಹಾಕೋದು ಮರೀಬೇಡ."