ಅಕ್ಕ ಎಸೆದ ಹಾಳೆಗಳು

ಕಾರ್ಖಾನೆಯಲ್ಲಿ ನಮ್ಮಕ್ಕನಿಗೆ ಹೆಡ್‌ಮಿಸ್ ಅಂತ ಅಡ್ಡಹೆಸರು. ತಪ್ಪು ಕಂಡರೆ ಯಾರನ್ನೂ ಬಿಡುವವಳಲ್ಲ. ನಾನು ಅಲ್ಲಿಯ ಎಲೆಕ್ಟ್ರಿಷಿಯನ್, ಅಂದರೆ ಅವಳ ಬೈಗುಳಕ್ಕೆ ಸುಲಭವಾಗಿ ಸಿಗುವ ತಮ್ಮ.

ಸೆರಾಮಿಕ್ ಪುಡಿಯನ್ನು ಎಪಾಕ್ಸಿ ಅಂಟಿನಲ್ಲಿ ಕಲಸಿ, ಗುಳ್ಳೆ ಉಳಿಯದಂತೆ ಗಾಳಿ ಎಳೆದು, ಅಚ್ಚಿಗೆ ಹೊಯ್ದು ತೆಳ್ಳಗಿನ ಹಾಳೆ ಮಾಡುವುದು ಅವಳ ಕೆಲಸ. ಎರಡೂ ಬದಿಗೆ ಬೆಳ್ಳಿ ಬಣ್ಣ ಬಳಿದು, ಬಿಸಿ ಎಣ್ಣೆಯಲ್ಲಿ ಮುಳುಗಿಸಿ ಭಾರೀ ವೋಲ್ಟೇಜ್ ಕೊಟ್ಟರೆ ಹಾಳೆಗೆ ಜೀವ ಬರುತ್ತದೆ. ಆಮೇಲೆ ಒತ್ತಿದರೆ ಸಾಕು, ತಾನೇ ಒಂದಿಷ್ಟು ವಿದ್ಯುತ್ ಹೊರಡಿಸುತ್ತದೆ. ಆಸ್ಪತ್ರೆಯಲ್ಲಿ ಹಾಸಿಗೆಯಡಿ ಇಟ್ಟು ರೋಗಿಯ ಉಸಿರು ಅಳೆಯಲು ಇಂಥ ಹಾಳೆ ಬೇಕು. ಇದನ್ನು ಮಾಡುತ್ತಲೇ ಅಕ್ಕನ ಕೂದಲು ನೆರೆತಿದೆ.

ಮೀಟರ್ ಏನೇ ಹೇಳಲಿ, ಅವಳಿಗೆ ಅವಳದೇ ಪರೀಕ್ಷೆ. ಹಾಳೆಯಿಂದ ಮೇಜಿನ ಮೇಲಿನ ಪರದೆಗೆ ತಂತಿ ಸಿಕ್ಕಿಸಿ, ಬಲಗೈಯ ತೋರುಬೆರಳನ್ನು ಅದರ ಮೇಲೆ ಊರಿ, ಅಲುಗಾಡದೆ ಕೂರುತ್ತಾಳೆ. ಪರದೆಯ ಮೇಲಿನ ಗೆರೆ ಒಮ್ಮೆ ನೆಗೆದು ಮಟ್ಟಸವಾದರೆ ಪಾಸು. ಈ ಸಲ ಗೆರೆ ನೆಗೆದು ಸುಮ್ಮನಾಗಲಿಲ್ಲ, ಸಣ್ಣಗೆ ನಡುಗುತ್ತಲೇ ಇತ್ತು.

"ಗುಳ್ಳೆ ಉಳ್ಕೊಂಡಿದೆ," ಎಂದು ಹಾಳೆಯನ್ನು ಕಸದ ಡಬ್ಬಕ್ಕೆ ಎಸೆದಳು. ಮತ್ತೊಂದು ಮಾಡಿದಳು, ಅದೂ ನಡುಗಿತು. ಬೆಳ್ಳಿ ಬಣ್ಣ ಹಳೆಯದು ಎಂದಳು. ಎಣ್ಣೆ ಬದಲಿಸಿದಳು. ಕೊನೆಗೆ ನನ್ನ ಮೇಲೆ ಹರಿಹಾಯ್ದಳು. "ನಿನ್ನ ತಂತಿನೇ ಸರಿ ಇಲ್ಲ ಕಣೋ, ದಂಡಪಿಂಡ!" ತಂತಿಗಳನ್ನೆಲ್ಲ ಹೊಸದಾಗಿ ಹಾಕಿಕೊಟ್ಟೆ. ಪ್ರಯೋಜನವಾಗಲಿಲ್ಲ. ಡಬ್ಬ ತುಂಬುತ್ತಾ ಹೋಯಿತು.

ಮಾಲೀಕರು ಬಂದು ಮೆಲ್ಲಗೆ ಹೇಳಿದರು. "ನೋಡೀಮ್ಮಾ, ಹೀಗೇ ಆದ್ರೆ ಈ ಮೇಜು ಬೇರೆಯವರಿಗೆ ಕೊಡ್ಬೇಕಾಗತ್ತೆ."

ಅಕ್ಕ ಮತ್ತೊಂದು ಅಚ್ಚು ಕೈಗೆತ್ತಿಕೊಂಡಳು. ಭಾವ ತೀರಿಕೊಂಡ ಮೇಲೆ ಅವಳು ಗಟ್ಟಿಯಾಗಿ ನಿಂತಿದ್ದೇ ಆ ಮೇಜಿನ ಆಸರೆಯಲ್ಲಿ.

ಮುಂದಿನ ಹಾಳೆಯೂ ನಡುಗಿದಾಗ ನನಗೆ ತಡೆಯಲಾಗಲಿಲ್ಲ. "ಕೊಡಿಲ್ಲಿ, ನಾನೊಂದ್ಸಲ ನೋಡ್ತೀನಿ."

"ಸ್ಪ್ಯಾನರ್ ಹಿಡಿಯೋ ಕೈ ನಿಂದು, ನಿಂಗೇನು ಗೊತ್ತಾಗತ್ತೆ?" ಎಂದು ಗೊಣಗುತ್ತಲೇ ಸರಿದಳು.

ಬೆರಳು ಊರಿದೆ. ಗೆರೆ ನೆಗೆಯಿತು, ಮಟ್ಟಸವಾಯಿತು. "ಅಕ್ಕಾ, ಸರಿಹೋಯ್ತು!" ಎಂದು ಖುಷಿಯಲ್ಲಿ ಕೂಗಿಬಿಟ್ಟೆ.

ಅಕ್ಕ ನಗಲಿಲ್ಲ. ಪಕ್ಕದಲ್ಲಿ ಕೂತು ತನ್ನ ಬಲಗೈ ಬೆರಳಿಟ್ಟಳು. ಗೆರೆ ನಡುಗಿತು. ಎಡಗೈ ಬೆರಳಿಟ್ಟಳು. ಗೆರೆ ಮಟ್ಟಸವಾಯಿತು. ಮತ್ತೆ ಬಲಗೈ. ನಾನು ಅವಳ ಬೆರಳನ್ನೇ ದಿಟ್ಟಿಸಿದೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಹಾಳೆಗೆ ಮಾತ್ರ ಗೊತ್ತಾಗುತ್ತಿತ್ತು.

ನಮ್ಮಪ್ಪನಿಗೂ ನಡುಕ ಮೊದಲು ಶುರುವಾದದ್ದು ಬಲಗೈಯಲ್ಲೇ. ಕಡೆಕಡೆಗೆ ಲೋಟ ಹಿಡಿಯಲೂ ಆಗದಿದ್ದ ಅಪ್ಪನ ಬಾಯಿಗೆ ತುತ್ತಿಟ್ಟವಳು ಇವಳೇ. "ಸುಸ್ತಿಗೆ ಹಾಗಾಗಿರ್ಬೇಕು ಅಕ್ಕ, ಸರಿಯಾಗಿ ನಿದ್ದೆ ಮಾಡಿಲ್ಲ ನೀನು," ಎಂದೆ. ಆಡಿದ ಮಾತನ್ನು ನಾನೇ ನಂಬಲಿಲ್ಲ.

ಅವಳು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಿಂದ ಅದುಮಿ ಹಿಡಿದಳು. ಕಸದ ಡಬ್ಬದ ಕಡೆ ನೋಡಿದಳು.

"ಅವನ್ನೆಲ್ಲ ಎತ್ಕೊಂಡು ಬಾ, ಒರೆಸಿಡೋಣ," ಎಂದಳು. "ಒಂದೂ ಕೆಟ್ಟಿಲ್ಲ."